ನಲವತ್ತೆಂಟು ತಾಸು ಮೊದಲು

ಪಾಪಿನಾಯಕನಹಳ್ಳಿಯಿಂದ ಹೊರಟ ಕಾರು ಪಂಕ್ಚರ್ ಆಗಬಹುದು. ಕಾರು ಸರಿಯಿದ್ದರೆ ಅದಿರಿನ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿರಬಹುದು. ಲಾರಿ ಇಲ್ಲದಿದ್ದರೆ ರೈಲ್ವೆ ಗೇಟು ಹಾಕಿರಬಹುದು. ಆಧಾರ್ ಕಾರ್ಡು ಜೆರಾಕ್ಸ್ ಅಂಗಡಿಯಲ್ಲೇ ಉಳಿದಿರಬಹುದು. ಗಾಲಿಕುರ್ಚಿ ಬೇಕು ಎಂದು ನಾನು ನಾಲ್ಕು ಸಲ ಫೋನ್ ಮಾಡಿ ಬರೆಸಿದ್ದು ಯಾರ ಕಂಪ್ಯೂಟರಿನಲ್ಲೂ ಇಲ್ಲದಿರಬಹುದು. ಇದ್ದರೂ ಆ ಕುರ್ಚಿಗೆ ಒಂದು ಗಾಲಿ ಇಲ್ಲದಿರಬಹುದು. ಡಾಕ್ಟರ ಪತ್ರದ ಸೀಲು ಮಸುಕಾಗಿದೆ ಎನ್ನಬಹುದು, ತಾರೀಖು ಹಳೆಯದು ಎನ್ನಬಹುದು. ಮೊಣಕಾಲಿಗೆ ಕಟ್ಟಿದ ಬೆಲ್ಟಿನೊಳಗಿನ ಉಕ್ಕಿನ ಪಟ್ಟಿಗೆ ತಪಾಸಣೆಯ ಯಂತ್ರ ಕೀಂಯ್ ಎಂದು ಕೂಗಿದರೆ, ಅಲ್ಲಿನವರು ಬೆಲ್ಟು ಬಿಚ್ಚು ಅನ್ನಬಹುದು. ವಿಮಾನದ ಪುಟ್ಟ ಏಣಿಯಲ್ಲಿ ಹೊತ್ತವರ ಕೈ ಜಾರಬಹುದು. ನಾನು ಹಾಕಿದ ಸೀಟನ್ನು ಕೊನೆಗಳಿಗೆಯಲ್ಲಿ ಬದಲಿಸಿ ಗಂಡನನ್ನು ಒಂದು ಸಾಲಿಗೆ, ಹೆಂಡತಿಯನ್ನು ಇನ್ನೊಂದು ಸಾಲಿಗೆ ಎಸೆಯಬಹುದು. ಮಂಜು ಬೀಳಬಹುದು. ವಿಮಾನವೇ ಬಾರದಿರಬಹುದು. ಬೆಂಗಳೂರಿನಲ್ಲಿ ಎಲ್ಲರೂ ಇಳಿದ ಮೇಲೆ ಇವರನ್ನು ಇಳಿಸುವುದನ್ನೇ ಮರೆಯಬಹುದು.

ಮೊಣಕಾಲು ಒಡೆದ ಒಬ್ಬ ಕೆಲಸಗಾರನನ್ನೂ ಅವನ ಹೆಂಡತಿಯನ್ನೂ ವಿಮಾನ ಹತ್ತಿಸುವ ಮೊದಲು, ಆಫೀಸಿನ ಹಳೆ ಡೈರಿಯ ಹಿಂಬದಿಯಲ್ಲಿ ನಾನು ಹೀಗೆ ಮೂವತ್ತೊಂದು ಬರೆದಿದ್ದೆ. ಅದರಲ್ಲಿ ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿ ಇಲ್ಲದ್ದು, ಭಾಳ ಸಣ್ಣದು. ಅದನ್ನು ಹೇಳಬೇಕೆಂದರೆ ನನ್ನ ಟೇಬಲ್ಲಿನಿಂದ ಶುರು ಮಾಡಬೇಕು.

ಹೊಸಪೇಟೆಯ ಒಂದು ಗುತ್ತಿಗೆ ಕಂಪನಿಯ ಟ್ರಾವೆಲ್ ಡೆಸ್ಕಿನಲ್ಲಿ ನಾನು ಹತ್ತೊಂಬತ್ತು ವರ್ಷ ಕೂತೆ. ಡೆಸ್ಕು ಎಂದರೆ ದೊಡ್ಡದೇನಲ್ಲ: ನಾನು, ಒಂದು ಟೇಬಲ್ಲು, ಒಂದು ಕಂಪ್ಯೂಟರ್, ಎದುರಿನ ಗೋಡೆಗೆ ಎರಡು ನಿಮಿಷ ಮುಂದಿಟ್ಟ ಗಡಿಯಾರ. ಸಂಡೂರಿನ ಗಣಿಗಳಿಗೆ, ತೋರಣಗಲ್ಲಿನ ಕಡೆಯ ಕಾರ್ಖಾನೆಗಳಿಗೆ ಫಿಟ್ಟರ್, ವೆಲ್ಡರ್, ರಿಗ್ಗರ್‌ಗಳನ್ನು ಕಳಿಸುವುದು ನಮ್ಮ ಕಂಪನಿಯ ಕೆಲಸ. ರಿಗ್ಗರ್ ಎಂದರೆ ಎತ್ತರಕ್ಕೆ ಹತ್ತಿ, ಟನ್ನುಗಟ್ಟಲೆ ಭಾರಕ್ಕೆ ಸರಪಳಿ ಕಟ್ಟಿ ಎತ್ತಿಸುವವನು. ಯಾರು ಎಲ್ಲಿಗೆ ಹೋಗಬೇಕಾದರೂ ಬಸ್ಸು, ರೈಲು, ವಿಮಾನ ಎಲ್ಲದರ ಟಿಕೆಟು ನನ್ನ ಕೈಯಿಂದಲೇ ಹೋಗಬೇಕು. ಐವತ್ತೈದಕ್ಕೆ ನನ್ನನ್ನು ಮನೆಗೆ ಕಳಿಸಿದರು. ಸ್ವಯಂ ನಿವೃತ್ತಿ ಎಂದು ಪತ್ರದಲ್ಲಿದೆ. ಪತ್ರ ಬರೆದವರು ಅವರು, ಸಹಿ ಮಾತ್ರ ನನ್ನದು. ನನ್ನ ಜಾಗಕ್ಕೆ ಈಗ ಒಂದು ಆಪ್ ಬಂದಿದೆಯಂತೆ. ಅದಕ್ಕೆ ಬಿಪಿ ಇಲ್ಲ, ಗುಳಿಗೆ ಬೇಡ, ಒಳ್ಳೆಯದೇ ಆಯಿತು.

ಇಂಥ ಟೇಬಲ್ಲುಗಳಿಗೆ ಹೊಸದಾಗಿ ಬರುವ ಮಕ್ಕಳೇ, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಒಂದು ವರ್ಷ ಕಾದೆ, ಇಳಿಯಲಿಲ್ಲ.

ನಾನು ಸೇರಿದ ಕಾಲಕ್ಕೆ ಸೀಟು ಎಂಬುದು ನನ್ನ ಚಿಂತೆಯಾಗಿರಲಿಲ್ಲ. ಟಿಕೆಟ್ಟು ಕಾಗದದ್ದು, ಕಾರ್ಬನ್ ಹಾಳೆಯ ಕೆಂಪು ಬೆರಳಿಗೆ ಅಂಟುತ್ತಿತ್ತು. ಬೆಂಗಳೂರಿನ ಏಜೆಂಟರು ಕೊರಿಯರ್ ಮಾಡುತ್ತಿದ್ದರು. ಸಾಹೇಬರು ನಿಲ್ದಾಣಕ್ಕೆ ಹೋಗಿ ಕೌಂಟರಿನಲ್ಲಿ ನಿಂತು ಕಿಟಕಿಯೋ ದಾರಿ ಬದಿಯೋ ಕೇಳಿ ಪಡೆಯುತ್ತಿದ್ದರು. ಸಿಗದಿದ್ದರೆ ಅವರ ಹಣೆಬರಹ, ನನ್ನದಲ್ಲ. ಆಮೇಲೆ ಬಂತು ವೆಬ್ ಚೆಕ್-ಇನ್. ವಿಮಾನ ಹೊರಡುವುದಕ್ಕೆ ನಲವತ್ತೆಂಟು ತಾಸು ಮೊದಲು ಬಾಗಿಲು ತೆರೆಯುತ್ತದೆ. ತೆರೆದ ಕೂಡಲೇ ಯಾರು ಕೈ ಹಾಕುತ್ತಾರೋ ಅವರಿಗೆ ಒಳ್ಳೆಯ ಸೀಟು. ಎಲ್ಲ ಕಂಪನಿಗಳಿಗೂ ಇದೇ ಲೆಕ್ಕವಲ್ಲ, ಟಿಕೆಟ್ಟಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿ ಓದಿ. ಅವತ್ತಿನಿಂದ ಸೀಟು ನನ್ನ ಹಣೆಬರಹವಾಯಿತು.

ನಾನು ಮೊದಲೇ ಚಿಂತೆಯ ಮನುಷ್ಯ. ಮನೆಗೆ ಬೀಗ ಹಾಕಿ ಓಣಿ ತಿರುಗುವ ತನಕ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವವನು. ಅಂಥವನಿಗೆ ಈ ನಲವತ್ತೆಂಟು ತಾಸಿನ ಕೆಲಸ ಕೊಟ್ಟರು. ಮೊಬೈಲಿನಲ್ಲಿ ಮೂರು ಅಲಾರಾಂ, ಕೈಗಡಿಯಾರದಲ್ಲಿ ಒಂದು. ಸಾಹೇಬರು ಬುಧವಾರ ಹಾರಬೇಕೆಂದರೆ ಸೋಮವಾರ ನನಗೆ ತಿಂಡಿ ಇಳಿಯುತ್ತಿರಲಿಲ್ಲ. ನನ್ನ ಹೆಂಡತಿ ಸುಧಾ ತಟ್ಟೆ ಎತ್ತುತ್ತಾ ಅನ್ನುತ್ತಿದ್ದಳು, "ನಿಮ್ಮ ಹೊಟ್ಟ್ಯಾಗ ದಿನಾ ಒಂದು ವಿಮಾನ ಇಳೀತದ, ಒಂದು ಏರ್ತದ. ನನ್ನ ಉಪ್ಪಿಟ್ಟಿಗೆ ಜಾಗ ಎಲ್ಲಿ ಅದ ಹೇಳ್ರಿ."

ಆ ಚೆಕ್-ಇನ್ ಪುಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಮಾಡಿದವರು ನನಗೆ ಎದುರಾದರೆ ನಾನು ಮರ್ಯಾದೆ ಮರೆಯಬಹುದು. ಟಿಕೆಟ್ಟಿಗೆ ದುಡ್ಡು ಕೊಟ್ಟಾಗಿದೆ. ಆದರೂ ಪುಟ ತೆರೆದರೆ ಕಾಣುವ ಸೀಟಿಗೆಲ್ಲ ಮತ್ತೊಂದು ಬೆಲೆ. ಕಿಟಕಿಗೆ ಬೆಲೆ, ದಾರಿಗೆ ಬೆಲೆ, ಇಬ್ಬರ ನಡುವೆ ಸಿಕ್ಕಿಬೀಳುವ ಸೀಟಿಗೂ ಬೆಲೆ. ಬೇಗ ಹತ್ತಬೇಕಾದರೆ ಅದಕ್ಕೊಂದು ಬೆಲೆ. ದೊಡ್ಡ ವಿಮಾನಗಳಲ್ಲಿ ಬೇಗ ಹತ್ತಿದವರ ಪೆಟ್ಟಿಗೆಗಳಿಗೆ ತಲೆ ಮೇಲಿನ ಗೂಡು. ತಡವಾಗಿ ಹತ್ತಿದವನ ಕೈಚೀಲ ಕಿತ್ತುಕೊಂಡು ಕೆಳಗೆ ಹಾಕುತ್ತಾರೆ. ಏನೂ ಕೊಡದೆ ಮುಂದೆ ಹೋಗುವ ದಾರಿ ಪುಟದಲ್ಲಿ ಇಲ್ಲವೇ ಎಂದರೆ, ಇದೆ. ಮೂಲೆಯಲ್ಲಿ, ಬೂದಿ ಬಣ್ಣದ ಅಕ್ಷರದಲ್ಲಿ, ಬಿಳಿ ಗೋಡೆಗೆ ಅಂಟಿದ ಧೂಳಿನಂತೆ ಇದೆ. ನಾನೇ ಅದನ್ನು ಕಂಡುಹಿಡಿಯಲು ಎರಡು ತಿಂಗಳು ತೆಗೆದುಕೊಂಡೆ. ಅಷ್ಟರಲ್ಲಿ ಎಷ್ಟು ಮಂದಿ ಗೊತ್ತಿಲ್ಲದೆ ಬೆಲೆ ತೆತ್ತಿರಬೇಕು. ಮೋಸ ಎಂದು ಯಾರೂ ಹೇಳುವಂತಿಲ್ಲ, ಅಕ್ಷರ ಅಲ್ಲೇ ಇದೆಯಲ್ಲ. ಮಕ್ಕಳೇ, ಮೊದಲು ಆ ಅಕ್ಷರ ಹುಡುಕಿ.

ಇನ್ನು ನನ್ನ ಪೆದ್ದತನದ ಕಥೆ. ತೋರಣಗಲ್ಲಿನ ಹತ್ತಿರದ ಸಣ್ಣ ನಿಲ್ದಾಣಕ್ಕೆ ಬೆಂಗಳೂರಿನಿಂದ ರೆಕ್ಕೆಗೆ ಫ್ಯಾನು ಹಚ್ಚಿದ ವಿಮಾನ ಬರಲು ಶುರುವಾದ ಹೊಸತು. ನಮ್ಮ ಡೈರೆಕ್ಟರು ಸಂಡೂರಿನ ಸೈಟು ನೋಡಿ ಮರುದಿನ ಅದೇ ವಿಮಾನದಲ್ಲಿ ವಾಪಸು ಹೋಗಬೇಕು, ಬೆಂಗಳೂರಿನಲ್ಲಿ ಇಳಿದು ಓಡಿ ಇನ್ನೊಂದು ವಿಮಾನ ಹಿಡಿಯಬೇಕು. "ಫಸ್ಟ್ ರೋ ಹಾಕಿ, ಎಲ್ಲರಿಗಿಂತ ಮೊದಲು ನಾನು ಇಳೀಬೇಕು" ಎಂದು ಅಪ್ಪಣೆ. ನಾನು ನಲವತ್ತೆಂಟನೇ ತಾಸಿನ ಮೊದಲನೇ ನಿಮಿಷಕ್ಕೆ ಕೂತು ಮೊದಲನೇ ಸಾಲಿನ ಕಿಟಕಿ ಸೀಟು ಹೊಡೆದೆ. ಗೆದ್ದೆ ಎಂದು ಆವತ್ತು ಎರಡು ಮಸಾಲೆ ದೋಸೆ ತಿಂದೆ.

ಆ ವಿಮಾನಕ್ಕೆ ಜನ ಹತ್ತುವ ಬಾಗಿಲು ಹಿಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲನೇ ಸಾಲಿನವನು ಎಲ್ಲರ ಮೊಣಕಾಲು ದಾಟಿ ತುದಿಗೆ ಹೋಗಿ ಕೂರಬೇಕು, ಕೊನೆಗೆ ಇಳಿಯಬೇಕು. ಅರವತ್ತು ಚಿಲ್ಲರೆ ಜನ ಇಳಿಯುವ ತನಕ ಡೈರೆಕ್ಟರು ಮೊದಲನೇ ಸಾಲಿನಲ್ಲಿ ನಿಂತಿದ್ದರು. ಅಲ್ಲಿಂದಲೇ ಫೋನ್ ಮಾಡಿದರು.

"ಏನ್ರೀ, ನೀವು ಯಾವತ್ತಾದ್ರೂ ವಿಮಾನ ಹತ್ತಿದೀರಾ?"

"ಇಲ್ಲ ಸರ್."

ಅವರು ಫೋನ್ ಇಟ್ಟುಬಿಟ್ಟರು. ಬಹುಶಃ ಅವರು ಇಂಥ ಉತ್ತರ ಎದುರು ನೋಡಿರಲಿಲ್ಲ. ಸತ್ಯ ಅದು. ಅಷ್ಟು ವರ್ಷ ವಿಮಾನದ ಸೀಟು ಹಂಚಿದವನು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಹತ್ತಿಸುವ ಯೋಚನೆ ಕಂಪನಿಗೆ ಬರಲಿಲ್ಲ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅಂದಿನಿಂದ ಪ್ರತಿ ವಿಮಾನದ ನಕ್ಷೆ ತೆಗೆದು ಗೋಡೆಗೆ ಅಂಟಿಸಿದೆ. ಫ್ಯಾನಿನ ವಿಮಾನದಲ್ಲಿ ನಡುವಿನ ದಾರಿಯ ಎಡಕ್ಕೆ ಎರಡು ಸೀಟು, ಎ ಮತ್ತು ಸಿ. ಬಲಕ್ಕೆ ಎರಡು, ಡಿ ಮತ್ತು ಎಫ್. ದಾರಿಗೆ ತಾಗಿದವು ಸಿ ಮತ್ತು ಡಿ. ಬೇಗ ಇಳಿಯಬೇಕಾದವರು ಹಿಂದೆ ಕೂರಬೇಕು. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಇವೆಲ್ಲ ನಗುವ ಕಥೆಗಳು. ನಗು ಬಾರದ್ದು ಮುಂದಿನದು.

ಬೇರೆ ರಾಜ್ಯದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕರಗಿಸುವ ಒಲೆ ಆರಿಸಿ ಮಾಡುವ ರಿಪೇರಿ ಕೆಲಸ ಬಂತು. ಅಂಥ ಕೆಲಸಕ್ಕೆ ಸಂಬಳ ಹೆಚ್ಚು, ಎಲ್ಲರಿಗೂ ಆಸೆ. ಎಂಟು ಜನ ರಿಗ್ಗರ್‌ಗಳು ಹೊರಟರು, ಕಂಪ್ಲಿಯವರು ಐದು, ಪಾಪಿನಾಯಕನಹಳ್ಳಿಯವರು ಮೂರು. ಮುಂದಾಳು ಹುಲಿಗೆಪ್ಪ. ಕಡ್ಡಿಯಂಥ ಆಳು, ಮೀಸೆ ಮಾತ್ರ ದಪ್ಪ. ಎಂಟೂ ಜನಕ್ಕೆ ಅದೇ ಮೊದಲ ವಿಮಾನ.

ನಮ್ಮ ಆಫೀಸಿನಲ್ಲಿ ಒಂದು ಬರೆಯದ ನಿಯಮವಿತ್ತು. ಅಧಿಕಾರಿಗಳಿಗೆ ನಲವತ್ತೆಂಟು ತಾಸು ಮೊದಲು ಚೆಕ್-ಇನ್. ಕೆಲಸಗಾರರಿಗೆ ನಿಲ್ದಾಣದಲ್ಲಿ, ಕೊಟ್ಟಿದ್ದೇ ಸೀಟು. ಆಡಳಿತದ ಮ್ಯಾನೇಜರ್ ರಂಗನಾಥ್ ಸಾಹೇಬರು ಮಾಡಿದ ನಿಯಮ. "ಲೇಬರ್‌ಗೆಲ್ಲ ಯಾಕ್ರೀ ಕೂತು ಒತ್ತುತ್ತಾ ಇರ್ತೀರಾ? ಅವರು ಹೋಗ್ತಾರೆ, ಕೂತ್ಕೋತಾರೆ" ಎಂದಿದ್ದರು. ನಿಯಮ ಅವರದೇ, ಆದರೆ ಪಾಲಿಸಿದವನು ನಾನು. ಡೈರೆಕ್ಟರಿಗೆ ನಾಲ್ಕು ಅಲಾರಾಂ ಇಟ್ಟವನು ಆ ಎಂಟು ಜನಕ್ಕೆ ಒಂದನ್ನೂ ಇಡಲಿಲ್ಲ. ಟಿಕೆಟ್ ಹಾಳೆ ಕೈಗೆ ಕೊಟ್ಟು "ಎಂಟೂವರೆಗೆ ವಿಮಾನ, ಜಲ್ದಿ ಹೋಗ್ರಿ" ಎಂದೆ. ಅಷ್ಟೇ ಹೇಳಿದ್ದು.

ಅವರು ಜಲ್ದಿಯೇ ಹೋದರು. ಐದೂವರೆಗೇ ನಿಲ್ದಾಣದ ಮುಂದಿದ್ದರು. ಬಾಗಿಲ ಕಾವಲಿನವನು ಇನ್ನೂ ತೆರೆದಿಲ್ಲ ಎಂದ. ಸರಿ ಎಂದು ಬೇವಿನ ಮರದ ಕೆಳಗೆ ಟವೆಲು ಹಾಸಿ ಕೂತರು, ರೊಟ್ಟಿ ಬಿಚ್ಚಿದರು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದ ಮೇಲೆ ಏಳುತ್ತೇವಲ್ಲ, ಅವರಿಗೆ ಗೊತ್ತಿದ್ದದ್ದು ಅದು. ವಿಮಾನ ಆಕಾಶದಿಂದ ಬರಬೇಕು, ಮುಚ್ಚಿಟ್ಟುಕೊಂಡು ಬರಲು ಸಾಧ್ಯವಿಲ್ಲ, ಕಂಡಾಗ ಏಳೋಣ ಎಂದು ಮೂವರು ಮಲಗಿ ಐವರು ಆಕಾಶ ಕಾದರು. ಕೌಂಟರು ಒಂದು ತಾಸು ಮೊದಲೇ ಮುಚ್ಚುತ್ತದೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ವಿಮಾನ ಇಳಿದದ್ದು ಎಂಟು ಗಂಟೆಗೆ.

ಹುಲಿಗೆಪ್ಪನ ಫೋನು ಬಂತು. "ಸರ, ಒಳಗ ಬಿಡವಲ್ರು. ಮುಗೀತು ಅಂತಾರ."

"ಎಷ್ಟೊತ್ತಿಗೆ ಹೋದ್ರೋ ನೀವು?"

"ಐದೂವರಿಗೇ ಬಂದೀವ್ರಿ. ವಿಮಾನ ಈಗ ಬಂದೈತ್ರಿ, ಇಲ್ಲೇ ಕಣ್ಣ ಮುಂದ ನಿಂತೈತ್ರಿ. ಮಂದಿ ಇನ್ನೂ ಇಳಿಯಾಕ ಹತ್ಯಾರ."

"ಲೇಟಾತಲ್ಲೋ ಹುಲಿಗೆಪ್ಪ."

"ನಾವು ಲೇಟ್ ಹೆಂಗಾದ್ವಿರಿ ಸರ? ವಿಮಾನಕ್ಕಿಂತ ಮೊದ್ಲ ಬಂದೀವಲ್ರಿ."

ನಾನು ಫೋನ್ ಇಟ್ಟು ರೈಲಿನ ಟಿಕೆಟ್ಟು ಹುಡುಕಿದೆ. ಎಂಟು ಜನ ರೈಲು ಹತ್ತಿ ಹೋಗುವಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಗಿತ್ತು. ರಂಗನಾಥ್ ಸಾಹೇಬರು ಲಿಖಿತ ವಿವರಣೆ ಕೇಳಿದರು. ನಾನು ಕೌಂಟರಿನ ವೇಳೆ ಹೇಳಲಿಲ್ಲ ಎಂದು ಬರೆಯಬೇಕಿತ್ತು. ಹಿಂದಿನ ದಿನವೇ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಕೈಗೆ ಕೊಟ್ಟಿದ್ದರೆ ಅದರ ಮೇಲೆ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಅಚ್ಚಾಗಿರುತ್ತಿತ್ತು, ಓದಿಕೊಳ್ಳುತ್ತಿದ್ದರು ಎಂದು ಬರೆಯಬೇಕಿತ್ತು. ನಾನು ಬರೆದದ್ದು ಒಂದೇ ಸಾಲು: "ಕಾರ್ಮಿಕರು ನಿಲ್ದಾಣಕ್ಕೆ ತಡವಾಗಿ ವರದಿ ಮಾಡಿಕೊಂಡದ್ದರಿಂದ." ಹುಲಿಗೆಪ್ಪನ ಹೆಸರಿನ ಫೈಲಿಗೆ ಅದು ಸೇರಿತು. ಮುಂದೆ ಒಂದು ವರ್ಷ ಹೊರಗಿನ ಕೆಲಸಕ್ಕೆ ಅವನನ್ನು ಕರೆಯಲಿಲ್ಲ. ಕೇಳಿದರೆ, ಫೈಲ್ ನೋಡಿ ಅನ್ನುತ್ತಿದ್ದರು.

ರಂಗನಾಥ್ ಸಾಹೇಬರ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ನನ್ನ ಮೇಲಿದೆ. ಅವರಿಗೆ ಹುಲಿಗೆಪ್ಪನ ಮುಖ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎರಡು ವರ್ಷದ ನಂತರ ಸಂಡೂರಿನ ಮೇಲಿನ ನಮ್ಮ ಸೈಟಿನಲ್ಲಿ ಹುಲಿಗೆಪ್ಪ ಏಣಿಯಿಂದ ಜಾರಿ ಬಿದ್ದ. ಮೊಣಕಾಲಿನ ಚಿಪ್ಪು ಒಡೆಯಿತು. ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ಚಿಪ್ಪಿನ ಚೂರುಗಳನ್ನು ತಂತಿಯಿಂದ ಕಟ್ಟಿದರು. ಬೆಂಗಳೂರಿನ ದೊಡ್ಡ ಡಾಕ್ಟರರು ಒಮ್ಮೆ ನೋಡಲೇಬೇಕು ಎಂದರು, ರಸ್ತೆಯಲ್ಲಿ ಏಳೆಂಟು ತಾಸಿನ ಕುಲುಕಾಟ ಬೇಡವೇ ಬೇಡ ಎಂದರು. ಮೊಣಕಾಲು ಮಡಚಿದರೆ ತಂತಿ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡರೆ ಮತ್ತೆ ಏಣಿ ಹತ್ತುವ ಆಸೆ ಬಿಡಬೇಕು. ರಿಗ್ಗರ್ ಏಣಿ ಹತ್ತದಿದ್ದರೆ ಅವನನ್ನು ಕಂಪನಿ ಏನು ಮಾಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಥವರ ಊರಿನ ಬಸ್ ಟಿಕೆಟ್ ಬುಕ್ ಮಾಡುತ್ತಿದ್ದವನೂ ನಾನೇ.

ಈ ಸಲ ಬಿಡಬಾರದು ಎಂದು ನಿಶ್ಚಯಿಸಿದೆ. ಸ್ಕೂಟರ್ ಹತ್ತಿ ಪಾಪಿನಾಯಕನಹಳ್ಳಿಗೆ ಹೋದೆ. ಹುಲಿಗೆಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ, ತೊಡೆಯಿಂದ ಮೀನಖಂಡದ ತನಕ ಕಪ್ಪು ಬೆಲ್ಟು. ನಾನು ಎದುರಿಗೆ ಸ್ಟೂಲ್ ಹಾಕಿಕೊಂಡು ಡೈರಿ ತೆಗೆದೆ. ಎಷ್ಟು ಎತ್ತರ, ಎಷ್ಟು ತೂಕ, ಯಾರ ಹೆಗಲು ಹಿಡಿದು ನಿಲ್ಲಬಲ್ಲ, ಮೂತ್ರಕ್ಕೆ ಎಷ್ಟು ಸಲ ಏಳುತ್ತಾನೆ, ವಾಂತಿ ಆಗುತ್ತದೋ ಎಂದೆಲ್ಲ ಕೇಳಿದೆ. ಅವನ ಹೆಂಡತಿ ಈರಮ್ಮ ಚಹಾ ತಂದವಳು ಕದಕ್ಕೆ ಒರಗಿ ನಿಂತಳು.

"ವಾಂತಿ ಅವರಿಗಲ್ರಿ, ನನಗ. ಸಂಡೂರು ಬಸ್ಸಿನ್ಯಾಗ ಘಾಟಿ ಬಂತಂದ್ರ ಸಾಕು."

"ವಿಮಾನದಾಗ ಘಾಟಿ ಇರಂಗಿಲ್ಲವ್ವಾ."

"ಏನರ ಅನ್ರಿ ಸರ, ಕನ್ಯಾ ನೋಡಾಕ ಬಂದವ್ರಂಗ ಕೇಳಾಕ ಹತ್ತೀರಿ" ಎಂದು ಅವಳು ನಕ್ಕಳು. "ನಮ್ಮ ಮದಿವ್ಯಾಗ ಇವರಪ್ಪ ಇಷ್ಟು ಕೇಳಿಲ್ಲ."

ನಾನು ನಗಲಿಲ್ಲ. ಡೈರಿಯಲ್ಲಿ ಮನುಷ್ಯನ ಚಿತ್ರ ಬರೆದೆ, ಎದುರಿಗೆ ಕಂಡಂತೆಯೇ, ಮೀಸೆ ಸಮೇತ. ಬೆಲ್ಟು ಇರುವ ಕಾಲಿಗೆ ಪೆನ್ನಿನಿಂದ ಗೀಚಿ ಕಪ್ಪು ಮಾಡಿದೆ. ಕಾಲು ಚಾಚಲು ದಾರಿ ಬದಿಯ ಸೀಟೇ ಬೇಕು. ದಾರಿಗೆ ಅಡ್ಡ ಚಾಚುವಂತಿಲ್ಲ, ಆದರೆ ಆ ಬದಿಗೆ ಓರೆಯಾಗಿ ಇಳಿಬಿಡಲು ನಾಲ್ಕು ಬೆರಳು ಜಾಗ ಹೆಚ್ಚು ಸಿಗುತ್ತದೆ. ಬಲಗಾಲಾದರೆ ಸಿ ಸೀಟು, ಬಲಕ್ಕೆ ದಾರಿ ಬರುತ್ತದೆ. ಎಡಗಾಲಾದರೆ ಡಿ ಸೀಟು, ಎಡಕ್ಕೆ ದಾರಿ ಬರುತ್ತದೆ. ಡೈರೆಕ್ಟರ ಬೈಗುಳದಿಂದ ಕಲಿತ ವಿದ್ಯೆ ಕಡೆಗೂ ಒಂದು ಒಳ್ಳೆಯ ಕೆಲಸಕ್ಕೆ ಬಂತು ಎಂದುಕೊಂಡೆ. ಬಾಗಿಲು ಹಿಂದಿದೆ, ಆದ್ದರಿಂದ ಹಿಂದಿನ ಸಾಲು. ಏಣಿಯಿಂದ ನಾಲ್ಕು ಹೆಜ್ಜೆಗೆ ಸೀಟು.

ಸೀಟಿನ ಬೆಲೆಗೆ ಮಂಜೂರಾತಿ ಬೇಕಿತ್ತು. ರಂಗನಾಥ್ ಸಾಹೇಬರು ಹಾಳೆಯನ್ನು ಟೇಬಲ್ಲಿನ ತುದಿಗೆ ತಳ್ಳಿದರು.

"ಏನ್ರೀ ಆಚಾರ್ರೇ, ಟಿಕೆಟ್ ಕೊಟ್ಟಿದ್ದೇ ಜಾಸ್ತಿ. ಸೀಟು ಬೇರೆ ಆರಿಸಬೇಕಾ? ಅವನೇನು ಡೈರೆಕ್ಟರಾ?"

"ಅಲ್ಲ ಸರ್. ಡೈರೆಕ್ಟರಿಗೆ ಎರಡೂ ಮೊಣಕಾಲು ಗಟ್ಟಿ ಇವೆ."

ಹತ್ತೊಂಬತ್ತು ವರ್ಷದಲ್ಲಿ ನಾನು ಮೇಲಿನವರಿಗೆ ಕೊಟ್ಟ ಏಕೈಕ ಎದುರುತ್ತರ ಅದು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ, ಗುಳಿಗೆ ಅರ್ಧ ತೆಗೆದುಕೊಂಡೆ. ವಾಪಸು ಬಂದಾಗ ಹಾಳೆಯ ಮೇಲೆ ಸಹಿ ಇತ್ತು. ಪಕ್ಕದಲ್ಲಿ "ಇದೊಂದು ಸಲ" ಎಂದು ಬರೆದಿದ್ದರು. ನನ್ನ ಸ್ವಯಂ ನಿವೃತ್ತಿಯ ಪತ್ರ ಟೈಪಾಗಲು ಶುರುವಾದದ್ದು ಆವತ್ತೇ ಇರಬೇಕು ಎಂದು ನನ್ನ ಅನುಮಾನ. ಅನುಮಾನ ಪಡುವುದು ನನ್ನ ಸ್ವಭಾವ, ಹಾಗಾಗಿ ಅದನ್ನು ಪೂರ್ತಿ ನಂಬಬೇಡಿ.

ಎರಡು ದಿನ ಮೊದಲು ಬೆಳಿಗ್ಗೆ ಎಂಟು ಗಂಟೆಗೇ ಆಫೀಸು ತೆರೆಸಿ ಕೂತೆ. ಎಂಟೂವರೆಗೆ ಪುಟ ತೆರೆಯಿತು. ಇಡೀ ವಿಮಾನ ಖಾಲಿ, ತೊಳೆದಿಟ್ಟ ಪಡಸಾಲೆಯಂತೆ. ಡೈರಿ ಪಕ್ಕದಲ್ಲಿಟ್ಟು, ಚಿತ್ರದ ಕಪ್ಪು ಕಾಲನ್ನು ಬೆರಳಿನಿಂದ ಮುಟ್ಟಿ, ಗೋಡೆಯ ನಕ್ಷೆ ನೋಡಿ, ಹದಿನೇಳನೇ ಸಾಲಿನ ಸಿ ಸೀಟು ಹುಲಿಗೆಪ್ಪನಿಗೆ, ಪಕ್ಕದ ಎ ಸೀಟು ಈರಮ್ಮನಿಗೆ ಹಾಕಿದೆ. ಡಾಕ್ಟರ ಪತ್ರವನ್ನು ಮೂರು ಸಲ ಓದಿದೆ: ತಾರೀಖು, ಸಹಿ, ಸೀಲು, ನೋಂದಣಿ ಸಂಖ್ಯೆ. ಎಲ್ಲ ಸರಿ ಇದ್ದವು. ನಾಲ್ಕು ಪ್ರತಿ ತೆಗೆಸಿ ಒಂದನ್ನು ಈರಮ್ಮನ ಕೈಯಲ್ಲಿ, ಒಂದನ್ನು ಹುಲಿಗೆಪ್ಪನ ಜೇಬಿನಲ್ಲಿ, ಒಂದನ್ನು ಚೀಲದಲ್ಲಿ, ಒಂದನ್ನು ನನ್ನ ಹತ್ತಿರ ಇಟ್ಟೆ.

ಆ ದಿನ ನಾನೇ ಕಾರಿನಲ್ಲಿ ಕೂತು ಅವರನ್ನು ಕರೆದುಕೊಂಡು ಹೋದೆ. ಎರಡು ತಾಸು ಮೊದಲೇ ತಲುಪಿದೆವು. ಕಾರಿಗೆ ಏನೂ ಆಗಲಿಲ್ಲ, ರೈಲ್ವೆ ಗೇಟು ತೆರೆದೇ ಇತ್ತು, ಲಾರಿಗಳು ತಮ್ಮ ಪಾಡಿಗೆ ತಾವು ಹೋದವು. ಗಾಲಿಕುರ್ಚಿ ಬಾಗಿಲಲ್ಲೇ ನಿಂತಿತ್ತು, ನಾಲ್ಕೂ ಗಾಲಿ ಇದ್ದವು. ಬೇವಿನ ಮರ ಕಂಡಾಗ ಹುಲಿಗೆಪ್ಪ ನನ್ನ ಮುಖ ನೋಡಿದ.

"ಸರ, ಈ ಸಲ ಮರದ ಬುಡಕ್ಕ ಬ್ಯಾಡ್ರಿ."

"ಬ್ಯಾಡೋ ಮಾರಾಯಾ, ಸೀದಾ ಒಳಗ ನಡಿ."

ಗಾಜಿನ ಬಾಗಿಲಿನಾಚೆ ಅವರು ಮರೆಯಾಗುವ ತನಕ ನಿಂತೆ. ಗಾಲಿಕುರ್ಚಿಯವರನ್ನು ಎಲ್ಲರಿಗಿಂತ ಮೊದಲು ಹತ್ತಿಸುತ್ತಾರೆ. ಹುಲಿಗೆಪ್ಪ ಆ ವಿಮಾನಕ್ಕೆ ಮೊದಲನೆಯವನಾಗಿ ಹತ್ತಿದ ಎಂದು ನೆನೆದು, ಡೈರೆಕ್ಟರ ಮುಖ ನೆನೆದು, ಹೊರಗೆ ಒಬ್ಬನೇ ಸಂತೋಷಪಟ್ಟೆ. ವಿಮಾನ ಸರಿಯಾಗಿ ಎಂಟೂವರೆಗೆ ಏರಿತು. ಬೇವಿನ ಮರದ ಕೆಳಗೆ ನಿಂತು ಡೈರಿಯ ಪಟ್ಟಿಯನ್ನು ಒಂದೊಂದಾಗಿ ಹೊಡೆದುಹಾಕಿದೆ. ಬೆಂಗಳೂರಿನಿಂದ ಈರಮ್ಮನ ಫೋನು ಬಂತು: ಇಳಿದಿವಿ, ಆಸ್ಪತ್ರೆ ಗಾಡಿ ಬಂದೈತಿ. ಮೂವತ್ತೊಂದೂ ಮುಗಿಯಿತು. ಸುಧಾಗೆ ಫೋನ್ ಮಾಡಿ ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದೆ. "ವಿಮಾನ ಇಳೀತೇನ್ರಿ ಹೊಟ್ಟ್ಯಾಗಿಂದ" ಎಂದಳು.

ಒಂದೂವರೆ ತಿಂಗಳ ಮೇಲೆ, ನನ್ನ ಕೆಲಸದ ಕೊನೆಯ ವಾರ, ಗಂಡ ಹೆಂಡತಿ ಆಫೀಸಿಗೆ ಬಂದರು. ಹುಲಿಗೆಪ್ಪ ಕೋಲು ಊರಿ ನಡೆದೇ ಬಂದ. ಡಾಕ್ಟರರು ತಂತಿ ಹಾಗೇ ಕೂತಿದೆ ಎಂದಿದ್ದರಂತೆ, ಆರು ತಿಂಗಳಲ್ಲಿ ಏಣಿ ಹತ್ತಬಹುದು ಎಂದಿದ್ದರಂತೆ. ನನಗೆ ಕುರ್ಚಿಯಿಂದ ಎದ್ದು ಕುಣಿಯುವಷ್ಟಾಯಿತು. ಕೂತುಕೊಂಡೇ ಕೇಳಿದೆ, ಹೊಗಳಿಸಿಕೊಳ್ಳುವ ಆಸೆಯಿಂದ.

"ಸೀಟು ಹೆಂಗಿತ್ತೋ ಹುಲಿಗೆಪ್ಪ?"

"ಭಾಳ ಛಲೋ ಇತ್ರಿ ಸರ."

"ಛಲೋ ಎಲ್ಲಿತ್ರಿ" ಎಂದಳು ಈರಮ್ಮ. ಹುಲಿಗೆಪ್ಪ ಅವಳ ಕಡೆ ಕಣ್ಣು ಬಿಟ್ಟ, ಅವಳು ಕೇಳಲಿಲ್ಲ. "ನಿಂದ್ರಿ, ನಾ ಹೇಳ್ತೀನಿ. ದಾರಿ ಇತ್ತಲ್ರಿ ಸರ, ಅದು ಇವರ ಗಟ್ಟಿ ಕಾಲಿನ ಕಡೀಗಿತ್ತು. ಪೆಟ್ಟಾದ ಕಾಲು ನನ್ನ ಕಡೀಗಿ. ಚಾಚಾಕ ಜಾಗ ಇಲ್ಲ. ಮಡಚಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಕಡೀಗಿ ನಾ ಎರ್ಡೂ ಕಾಲು ಸೀಟಿನ ಮ್ಯಾಲೆ ಎತ್ಕೊಂಡು ಮುದ್ದಿಯಾಗಿ ಕುಂತೆ. ನನ್ನ ಕಾಲಿಡೋ ಜಾಗದಾಗ ಇವರ ಕಾಲು ಓರೆ ಹಾಕಿದ್ವಿ. ವಿಮಾನದಾಗ ಓಡಾಡೋ ಆ ಹುಡುಗಿ ಎರ್ಡು ಸಲ ಬಂದು ಕಾಲು ಕೆಳಗ ಬಿಡ್ರಿ ಅಂದ್ಲು. ನಾ ವಾಂತಿ ಬರ್ತೈತಿ ಅಂದೆ. ದೂರ ಹೋದ್ಲು."

ನಾನು ಡೈರಿ ತೆಗೆದೆ. ಚಿತ್ರದ ಹುಲಿಗೆಪ್ಪ ಮೀಸೆ ಬಿಟ್ಟುಕೊಂಡು ನನ್ನ ಕಡೆ ಮುಖ ಮಾಡಿ ಕೂತಿದ್ದ. ಹಾಳೆಯ ಬಲಗಡೆ ಕಪ್ಪು ಕಾಲು. ಎದುರಿಗೆ ಕೂತವನ ಎಡಗಾಲು ನನಗೆ ಬಲಕ್ಕೆ ಕಾಣುತ್ತದೆ. ಬೆಲ್ಟು ಇದ್ದದ್ದು ಎಡಗಾಲಿಗೆ. ಡ್ರಾಯರಿನಿಂದ ಡಾಕ್ಟರ ಪತ್ರದ ಪ್ರತಿ ತೆಗೆದೆ. ಮೊದಲನೇ ಸಾಲಿನಲ್ಲೇ ಎಡ ಮೊಣಕಾಲು ಎಂದು ಸ್ಪಷ್ಟವಾಗಿ ಬರೆದಿತ್ತು. ಮೂರು ಸಲ ಓದಿದ್ದೆ, ಸೀಲಿನ ಸಂಖ್ಯೆ ಕೂಡ ಬಾಯಿಪಾಠವಿತ್ತು.

"ಬದ್ಲಿ ಕೇಳಬೇಕಿತ್ತಲ್ಲೋ" ಎಂದೆ. ನನ್ನ ದನಿ ಜೋರಾಗಿಯೇ ಇತ್ತು. "ಆ ಕಡಿ ಸೀಟಿನವರನ್ನ ಕೇಳಿದ್ರ ಯಾರರ ಎದ್ದು ಕೊಡ್ತಿದ್ರು."

"ಆ ಕಡಿ ಯಾರೂ ಇರಲಿಲ್ರಿ" ಎಂದ ಹುಲಿಗೆಪ್ಪ, ಕೋಲಿನ ತುದಿ ನೋಡುತ್ತಾ. "ಖಾಲಿ ಇತ್ತು."

"ಮತ್ತ ಯಾಕ ಕುಂದ್ರಲಿಲ್ಲ?"

ಅವನು ಕೋಲನ್ನು ಟೇಬಲ್ಲಿಗೆ ಒರಗಿಸಿಟ್ಟ.

"ನೀವು ಹಾಕಿದ್ ಸೀಟಲ್ರಿ ಸರ. ತಪ್ಪಾಗೈತಿ ಅಂತ ನಾ ಅಂದ್ರ, ಅವರು ನಿಮ್ಮ ಹೆಸ್ರಿಗೆ ಎಲ್ಲೆರ ಬರಕೊಂಡಾರು ಅಂತ ಸುಮ್ಕ ಕುಂತೆ."

ಹದಿನೇಳನೇ ಸಾಲಿನ ಡಿ ಸೀಟು ಬೆಂಗಳೂರಿನ ತನಕ ಖಾಲಿಯೇ ಹೋಗಿತ್ತು.